ಸೆರಗಿನ ಗಂಟಿನ ಗುಳಿಗೆ

ಅಫಜಲಪುರದ ಹಾದಿಯಲ್ಲಿ ಸಂಸ್ಥಾನದ ಗಡಿ ನಾಕಾದಲ್ಲಿ ಪೊಲೀಸನು ಗೌರಾಬಾಯಿಯ ಸೆರಗಿನ ಗಂಟು ಬಿಚ್ಚಿಸಿದಾಗ, ಸೊಲ್ಲಾಪುರದ ಡಾಕ್ಟರು ಕೊಟ್ಟ ಗಾಯಕ್ಕೂ ಹೊಟ್ಟೆಯ ಬೇನೆಗೂ ಆಗುವ ಇಪ್ಪತ್ತು ಸಲ್ಫಾ ಗುಳಿಗೆಗಳು ಮಣ್ಣಿಗೆ ಚೆಲ್ಲಿದವು. “ಸರ್ಕಾರದ ಮ್ಯಾಲೆ ಬಂಡೆದ್ದವರ ಗಾಯಕ್ಕೇನು ಇವು?” ಎನ್ನುತ್ತ ಅವನು ತುಳಿಯಲು ಬೂಟುಗಾಲು ಎತ್ತಿದ.

ಮಲದಲ್ಲಿ ರಕ್ತ ಬೀಳುವುದನ್ನು ಆಕೆ ಆರು ವರ್ಷ ಗಂಡನಿಗೂ ಹೇಳಿರಲಿಲ್ಲ. ಈಗ ಹಿಂದೆ ಸಾಲಿನಲ್ಲಿ ಊರ ಗಂಡಸರೇ ನಿಂತಿದ್ದರು.

“ತುಳೀಬ್ಯಾಡ್ರಿ!” ಸಾಲಿನ ಕೊನೆಯವರೆಗೂ ಕೇಳುವಂತೆ ಕೂಗಿದಳು. “ನನಗ ಅವು! ಆರು ವರ್ಷ ಆತು, ಬಯಲಕಡೆ ಹೋದಾಗೆಲ್ಲ ರಕ್ತ ಹೋಗಾಕತ್ತದ. ನಂಬಿಕಿ ಇಲ್ಲಂದ್ರ ನಿಮ್ಮ ಮನಿ ಹೆಣ್ಮಕ್ಕಳನ್ನ ನನ್ನ ಜೋಡಿ ಕಳಸ್ರಿ, ನೋಡಿ ಬರಲಿ!”

ಎತ್ತಿದ ಕಾಲನ್ನು ಅವನು ಮೆಲ್ಲಗೆ ಹಿಂದಕ್ಕಿಟ್ಟ. ಗೌರಾಬಾಯಿ ಕುಕ್ಕರಗಾಲಲ್ಲಿ ಕುಳಿತು ಗುಳಿಗೆಗಳನ್ನು ಒಂದೊಂದಾಗಿ ಆರಿಸಿಕೊಂಡು ತಲೆಯೆತ್ತಿದಳು.

“ಒಂದು ಕಮ್ಮಿ ಅದ. ಇನ್ನೊಂದು ಕಾಲೂ ಎತ್ರಿ.”