ಉಳಿದ ನೀರಿನ ಬೆಲೆ

ಕಂಪ್ಯೂಟರ್ ಪರದೆಯ ಮೇಲೆ ನೀರಿನ ಮಟ್ಟ ತೋರಿಸುವ ಗೆರೆ ವರ್ಷದ ಕೊನೆಯ ತಿಂಗಳಿಗೆ ಬಂದು ಜಲಾಶಯದ ತಳ ಮುಟ್ಟಿದ್ದನ್ನು ಕಿರಿಯ ಎಂಜಿನಿಯರ್ ಈಗಷ್ಟೇ ಕಂಡಳು. ಅವಳು ಹಾಕಿದ ವರ್ಷದ ನೀರಿನ ಯೋಜನೆಗೆ ಒಪ್ಪಿಗೆ ಕೊಡಲು ಪಕ್ಕದ ಕೋಣೆಯಲ್ಲಿ ಸಭೆ ಸೇರಿತ್ತು. ಇಷ್ಟು ಕಡಿಮೆ ಖರ್ಚಿನ ಯೋಜನೆ ಈ ಕಚೇರಿಯಿಂದ ಹಿಂದೆಂದೂ ಹೊರಟಿರಲಿಲ್ಲ. ಯಾವ ತಿಂಗಳು ನದಿಯಿಂದ ಎಷ್ಟು ನೀರೆತ್ತಿ ಕೂಡಿಡಬೇಕು ಎಂಬ ಈ ಲೆಕ್ಕ ಕೊನೆಯ ತಿಂಗಳಿಂದ ಶುರುವಾಗಿ ಹಿಂದಕ್ಕೆ ನಡೆದುಬರುತ್ತದೆ. ಆ ಕೊನೆಯಲ್ಲಿ ಉಳಿಯುವ ನೀರಿಗೆ ಬೆಲೆ ಕಟ್ಟುವುದನ್ನೇ ಅವಳು ಮರೆತಿದ್ದಳು. ಬೆಲೆಯಿಲ್ಲದ್ದನ್ನು ಯಂತ್ರವಾದರೂ ಯಾಕೆ ಉಳಿಸೀತು?

"ಸರ್, ಡ್ಯಾಮ್ ಬರಿದು ಮಾಡಿರೋದಕ್ಕೇ ಇದು ಇಷ್ಟು ಅಗ್ಗ."

ಪಕ್ಕದಲ್ಲಿ ಕೂತಿದ್ದ ಹಿರಿಯ ಎಂಜಿನಿಯರ್ ಕನ್ನಡಕ ತೆಗೆದರು. ಆ ಕೊನೆಯ ತಿಂಗಳಲ್ಲೇ ಅವರ ನಿವೃತ್ತಿ. "ಯೋಜನೆ ಒಂದು ವರ್ಷದ್ದು ಕಣಮ್ಮ. ಆಮೇಲಿಂದು ಆಮೇಲೆ ಬರೋರ ತಲೆನೋವು. ಜೀವಮಾನವೆಲ್ಲ ಬೈಸಿಕೊಂಡಿದೀನಿ, ಹೋಗೋ ಹೊತ್ತಲ್ಲಿ ಒಂದು ಹೊಗಳಿಕೆ ಬೇಡ್ವಾ ನನಗೆ?" ಎಂದು ನಕ್ಕರು.

ಅವಳಿಗೆ ನಗು ಬರಲಿಲ್ಲ. "ಆಮೇಲೆ ಬರೋಳು ನಾನೇ ಸರ್."

ಅವರ ನಗು ಮುಖದಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು. ಕನ್ನಡಕ ಮತ್ತೆ ಹಾಕಿಕೊಂಡು ಆ ಗೆರೆಯತ್ತ ಬಾಗಿದರು. ಬಾಗಿಲಲ್ಲಿ ಯಾರೋ ಇಣುಕಿ, "ಎಲ್ಲಾ ಕಾಯ್ತಿದಾರೆ, ಬರ್ತೀರಾ?" ಎಂದರು.

"ಕಾಯ್ಲಿ ಬಿಡಿ," ಎಂದ ಹಿರಿಯರು ಕೀಬೋರ್ಡನ್ನು ಅವಳ ಮುಂದಕ್ಕೆ ಸರಿಸಿದರು. "ನಿನಗೆ ಎಷ್ಟು ನೀರು ಉಳಿಸಿ ಹೋಗ್ಲಿ, ಹೇಳು."