ಮುತ್ತಿಗೆಯ ಪಾಠ

ಮೊದಲ ಏಟಿಗೇ ಬಾಗಿಲ ಚೌಕಟ್ಟು ಅದುರಿತು. ಒಳಗೆ ಸ್ಪಂದನಾ ಮಗುವಿನ ತೊಟ್ಟಿಲಿಗೆ ಅಡ್ಡ ನಿಂತಳು.

ಹೊರಗಿದ್ದವರು ಅವಳ ಮಾವ ಅನಂತರಾಮ್. ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿದ ಮೇಷ್ಟ್ರು. ಈಗ ಸಿಂಗಪುರದಲ್ಲಿ ಮಗನ ಮನೆ, ಜೊತೆಗೆ ಮರೆವು. ಮಗನ ಹೆಸರು ಹೋಯಿತು, ಸೊಸೆಯ ಹೆಸರು ಹೋಯಿತು, ಉಂಡದ್ದು ಕೈ ತೊಳೆಯುವಷ್ಟರಲ್ಲಿ ಹೋಗುತ್ತದೆ. ಉಳಿದದ್ದು ಕೋಟೆ ಮುತ್ತಿಗೆಯ ಪಾಠ ಒಂದೇ. ಕಲ್ಲೆಸೆಯುವ ಕವಣೆಯಂತ್ರ, ಗೋಡೆಯಾಚೆ ತೂರುವ ಹೊಗೆ ಗಡಿಗೆ, ಹೆಬ್ಬಾಗಿಲು ಒಡೆಯುವ ದಿಮ್ಮಿ. ಕಾಫಿಗೊಮ್ಮೆ, ಊಟಕ್ಕೊಮ್ಮೆ ಅದನ್ನೇ ಒಪ್ಪಿಸುತ್ತಿದ್ದರು. ಪಾಪ, ಹೇಳಿಕೊಳ್ಳಲಿ ಎಂದು ಸ್ಪಂದನಾ ಹೂಂಗುಟ್ಟುತ್ತಿದ್ದಳು. ಕಳೆದ ವಾರ ಪಾರ್ಸೆಲ್ ತಂದವನ ಎದೆಗೆ ಛತ್ರಿಯನ್ನು ಭರ್ಜಿಯ ಹಾಗೆ ಚಾಚಿದ ಮೇಲೆ ಮಾತ್ರ ಅವಳಿಗೆ ಮಾವನೆಂದರೆ ಭಯ.

ಈ ವಾರ ಸಿಂಗಪುರಕ್ಕೆ ಸಿಂಗಪುರವೇ ಹೊಗೆಯಲ್ಲಿ ಮುಳುಗಿತ್ತು. ಸಮುದ್ರದಾಚೆಯ ಕಾಡಿನ ಬೆಂಕಿ. ಬುಕಿತ್ ಪಂಜಾಂಗ್‌ನ ಅವರ ಏಳನೇ ಮಹಡಿಯಿಂದ ಎದುರಿನ ಬ್ಲಾಕ್ ಕೂಡ ಕಾಣುತ್ತಿರಲಿಲ್ಲ. ಸ್ಪಂದನಾ ಕಿಟಕಿ ಸಂದಿಗೆಲ್ಲ ಟೇಪ್ ಹಚ್ಚಿ, ಮಲಗುವ ಕೋಣೆಗೆ ಎರಡು ಏರ್ ಪ್ಯೂರಿಫೈಯರ್ ತಂದಿಟ್ಟು, ಆರು ತಿಂಗಳ ಮಗುವನ್ನು ಅಲ್ಲೇ ಮಲಗಿಸುತ್ತಿದ್ದಳು. ತಾನು ಮಾಸ್ಕ್ ಬಿಚ್ಚುತ್ತಲೇ ಇರಲಿಲ್ಲ. ಸುಟ್ಟ ವಾಸನೆ ಎಲ್ಲರಿಗೂ ಒಗ್ಗಿಹೋಗಿತ್ತು.

ದೇಶವೆಲ್ಲ ಕಿಟಕಿ ನೋಡುತ್ತ ಕೂತಿದ್ದ ಆ ಬೆಳಗ್ಗೆ, ಮಾವ ಕುರ್ಚಿಯನ್ನು ಅವಳ ಕೋಣೆಯ ಬಾಗಿಲ ಕಡೆ ತಿರುಗಿಸಿಕೊಂಡರು. ರೆಪ್ಪೆ ಬಡಿಯದೆ ಅದನ್ನೇ ನೋಡಿದರು. ಕಾಫಿ ಕೊಡಲು ಹೋದವಳ ಮಣಿಕಟ್ಟು ಹಿಡಿದರು.

“ಶತ್ರು ಒಳಗೆ ಹೊಕ್ಕಿದ್ದಾನೆ,” ಎಂದರು. “ಬಾಗಿಲು ತೆಗಿ.”

ಒಳಗಿದ್ದದ್ದು ಮಗು ಒಂದೇ. ಸ್ಪಂದನಾ ಕೈ ಕೊಸರಿಕೊಂಡು ಒಳಗೆ ನುಗ್ಗಿ ಚಿಲಕ ಜಡಿದಳು. ಪರದೆ ಎಳೆದ ಕೋಣೆ ಮಬ್ಬಾಗಿತ್ತು. ಪೊಲೀಸರಿಗೆ ಫೋನ್ ಮಾಡಿದಳು. ಗಂಡ ಸಂಕೇತ್ ಜುರಾಂಗ್ ಐಲ್ಯಾಂಡಿನ ರಾಸಾಯನಿಕ ಕಾರ್ಖಾನೆಯಲ್ಲಿ ಶಿಫ್ಟಿನಲ್ಲಿದ್ದ. ಪ್ಲಾಂಟಿನೊಳಗೆ ಅವನ ಫೋನ್ ಇರುವುದಿಲ್ಲ. ಮೆಸೇಜ್ ಹಾಕಿ ಕಿವಿಗೊಟ್ಟಳು.

ಬಟ್ಟೆ ಒಣಗಿಸುವ ಬಿದಿರುಗಳನ್ನು ಎಳೆದ ಸದ್ದು. ಹಗ್ಗ ಬಿಗಿದ ಸದ್ದು. ದಿಮ್ಮಿ ಕಟ್ಟುವ ಬಗೆಯನ್ನು ಮಾವ ಅವಳಿಗೆ ನೂರು ಸಲ ವಿವರಿಸಿದ್ದರು. ಮಲಗುವ ಕೋಣೆಯ ಬಾಗಿಲೋ, ತೆಳು ಪ್ಲೈವುಡ್ಡು.

ಎರಡನೇ ಏಟು. ಮೂರನೆಯದು. ಬಾಗಿಲು ಸೀಳಿತು. ಡ್ರಾಯರ್ ಪೆಟ್ಟಿಗೆಯನ್ನು ಅಡ್ಡ ತಳ್ಳಲು ಹೋದರೆ ಸ್ಪಂದನಾಳ ಕಾಲಲ್ಲಿ ಶಕ್ತಿಯೇ ಇಲ್ಲ, ತಲೆ ಧಿಮ್ಮೆನ್ನುತ್ತಿತ್ತು. ಹೆದರಿಕೆಗೆ ಹೀಗೂ ಆಗುತ್ತದಾ ಎಂದುಕೊಂಡಳು. ಇಷ್ಟು ಗದ್ದಲದಲ್ಲೂ ಮಗುವಿಗೆ ಎಚ್ಚರವಾಗಿರಲಿಲ್ಲ. ಸದ್ಯ, ಅದೊಂದು ಪುಣ್ಯ.

ಐದನೇ ಏಟಿಗೆ ಬಾಗಿಲು ಕಿತ್ತು ಬಂತು. ಮಾವ ಬಿದಿರಿನ ಕಟ್ಟನ್ನು ಬಿಸಾಕಿ, ಅವಳನ್ನು ಪಕ್ಕಕ್ಕೆ ನೂಕಿ, ಮಗುವನ್ನು ಬಾಚಿಕೊಂಡು ಓಡಿದರು. ಸ್ಪಂದನಾ ಬಿದ್ದು ಎದ್ದು ಹಿಂದೆಯೇ ಓಡಿದಳು. ಕಾರಿಡಾರಿನಲ್ಲಿ ಇಬ್ಬರು ಪೊಲೀಸರು ಲಿಫ್ಟಿನಿಂದ ಹೊರಬರುತ್ತಿದ್ದರು. ಹಿಡಿಯಿರಿ, ನನ್ನ ಮಗು ಎಂದು ಅರಚಿದಳು. ಒಬ್ಬ ಮಾವನ ತೋಳು ಹಿಡಿದ. ಮಗು ಕೆಮ್ಮಿತು, ಆಮೇಲೆ ಜೋರಾಗಿ ಅಳತೊಡಗಿತು.

ಇನ್ನೊಬ್ಬ ಪೊಲೀಸ್ ಮಾವನನ್ನು ನೋಡುತ್ತಲೇ ಇರಲಿಲ್ಲ. ಅವಳ ಬೆನ್ನ ಹಿಂದೆ, ಮನೆಯೊಳಗೆ ನೋಡುತ್ತಿದ್ದ. ಸ್ಪಂದನಾ ತಿರುಗಿದಳು. ಕೋಣೆಯಲ್ಲಿ, ಬಾಗಿಲ ಪಕ್ಕದ ವಾರ್ಡ್‌ರೋಬಿನ ಹಿಂದೆ, ಎರಡೂ ಪ್ಯೂರಿಫೈಯರ್‌ಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದ ಜಾಗದಲ್ಲಿ ಒಳಗೊಳಗೇ ಹೊಗೆಯಾಡುತ್ತಿದ್ದ ಬೆಂಕಿ, ಬಾಗಿಲು ಕಿತ್ತ ಮೇಲೆ ಗಾಳಿ ಸಿಕ್ಕಿ ಛಾವಣಿ ಮುಟ್ಟಿತ್ತು.

“ಹೊರಗಿನ ಹೊಗೆ ಒಳಗೆ ನುಗ್ಗುತ್ತೆ ಕಣಮ್ಮ,” ಎಂದರು ಮೇಷ್ಟ್ರು, ಕ್ಲಾಸಿಗೆ ಹೇಳುವ ದನಿಯಲ್ಲೇ. “ನಿನ್ನ ಬಾಗಿಲ ಸಂದಿಯಿಂದ ಅದು ಹೊರಗೆ ಬರ್ತಿತ್ತು.”