ಬರೆಯಲು ಬಾರದ ಹೆಸರು

"ಈ ಕಡೇ ಕಾಲಂ ಮೇಲೆ ಒಂದು ಚೀಟಿ ಇಟ್ಟು ಜೆರಾಕ್ಸ್ ತೆಗೆದುಬಿಡಿ. ಯಾರಿಗೆ ಗೊತ್ತಾಗತ್ತೆ?" ಎಂದು ಅಣ್ಣ ದನಿ ತಗ್ಗಿಸಿ ಕೇಳಿದ.

ದಾಖಲೆ ಕೋಣೆಯ ಗುಮಾಸ್ತ ಅವನ ಮುಖ ನೋಡಿದ, ಆಮೇಲೆ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಹಳೆಯ ಜನನ ರಿಜಿಸ್ಟರ್ ನೋಡಿದ. ಹಾಳೆಯ ಅಂಚನ್ನು ಹುಳು ತಿಂದಿತ್ತು, ಅಕ್ಷರ ಮಾತ್ರ ಗಟ್ಟಿಯಾಗಿ ನಿಂತಿತ್ತು. ಅಣ್ಣ ನಿವೃತ್ತ ಹೆಡ್‌ಮಾಸ್ಟರು. ಮನೆತನದ ಚರಿತ್ರೆ ಬರೆದು ಮುಗಿಸಿದ್ದ. ಭಾನುವಾರ ನೆಂಟರನ್ನೆಲ್ಲ ಸೇರಿಸಿ ಪುಸ್ತಕದ ಬಿಡುಗಡೆ. ಮೊದಲ ಪುಟವೊಂದೇ ಅಚ್ಚಾಗುವುದು ಬಾಕಿ. ಅದರಲ್ಲಿ ಅಜ್ಜನ ಜನನ ದಾಖಲೆಯ ಪ್ರತಿ, ಸರ್ಕಾರಿ ಮೊಹರಿನ ಸಮೇತ, ಬರಬೇಕೆಂದು ಅವನ ಹಟ. ಅಷ್ಟು ಹಳೆಯ ದಾಖಲೆಗೆ ವಂಶದ ಇಬ್ಬರ ಸಹಿ ಬೇಕಿತ್ತು. ಅದಕ್ಕೇ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದ ತಂಗಿಗೆ ಅರ್ಧ ದಿನ ರಜೆ ಹಾಕಿಸಿ ಕರೆತಂದಿದ್ದ.

"ಏನಿದೆ ಆ ಕಾಲಂನಲ್ಲಿ? ಓದಿ," ಎಂದಳು ತಂಗಿ.

ಗುಮಾಸ್ತ ಬೆರಳಿಟ್ಟು ಓದಿದ. "ಮಗು, ಗಂಡು. ತಂದೆ, ಜವಳಿ ವ್ಯಾಪಾರಿ. ತಾಯಿ, ಹಡಗಿನಲ್ಲಿ ಬಂದ ಅಡುಗೆಯವಳು. ಕಡಲಾಚೆಯವಳು, ಕಪ್ಪು ಬಣ್ಣ, ಗುಂಗುರು ಕೂದಲು. ಮದುವೆಯಾಗಿದೆ ಎಂದು ಇಬ್ಬರೂ ಬಂದು ಹೇಳಿದ್ದಾರೆ. ತಾಯಿಯ ಹೆಸರು..." ಅವನು ತಡೆದ. "ಇಲ್ಲಿ ಹೀಗೆ ಬರೆದಿದ್ದಾರೆ ಮೇಡಂ. 'ಹೆಸರು ಹೇಳುತ್ತಾಳೆ, ನಮ್ಮ ಅಕ್ಷರದಲ್ಲಿ ಬರೆಯಲು ಬರುವುದಿಲ್ಲ.'"

ತಂಗಿಯ ಕೈ ತಾನಾಗಿ ತಲೆಗೆ ಹೋಯಿತು. ಬಾಚಣಿಗೆಯ ಹಲ್ಲು ಮುರಿಯುತ್ತಿದ್ದ ಕೂದಲು ಅದು. ಅಮ್ಮ ಬಟ್ಟಲುಗಟ್ಟಲೆ ಎಣ್ಣೆ ಸುರಿದು, ಕಣ್ಣಲ್ಲಿ ನೀರು ಬರುವಂತೆ ಎಳೆದು ಜಡೆ ಹಾಕುತ್ತಿದ್ದಳು. ಸೋದರತ್ತೆ ಬಂದಾಗಲೆಲ್ಲ, "ಇದು ಯಾರನ್ನ ಹೋಲತ್ತೋ, ನಮ್ಮ ಕಡೆ ಯಾರಿಗೂ ಹೀಗಿಲ್ಲಪ್ಪ," ಎನ್ನುತ್ತಿದ್ದಳು. ತಲೆಯ ಮೇಲೆ ಕೊಡದಡಿ ಇಡುವ ಸುರುಳಿಯಂತಿದೆ ಎಂದು ಅವಳನ್ನು ಮೊದಲು ಸಿಂಬೆ ಎಂದು ಕರೆದವನು ಇದೇ ಅಣ್ಣ. ಐವತ್ತು ದಾಟಿದರೂ ನೆಂಟರಿಷ್ಟರಿಗೆಲ್ಲ ಅವಳು ಸಿಂಬೆಯೇ.

"ನಿಂಗೆ ಇದು ಮೊದಲೇ ಗೊತ್ತಿತ್ತಾ, ಅಣ್ಣ?"

ಅಣ್ಣ ಕನ್ನಡಕ ತೆಗೆದು ಒರೆಸತೊಡಗಿದ. "ಅಪ್ಪ ಸಾಯೋ ಮುಂಚೆ ಹೇಳಿದ್ರು. ನಿನ್ನ ಕಿವಿಗೆ ಹಾಕಬೇಡ ಅಂದಿದ್ರು."

"ಪುಸ್ತಕದಲ್ಲಿ ಏನಂತ ಬರೆದಿದೀಯ?"

"ಒಳ್ಳೆ ಮನೆತನದ ಹೆಣ್ಣುಮಗಳು, ಹೆರಿಗೆಯಲ್ಲೇ ತೀರಿಕೊಂಡಳು ಅಂತ. ಅಷ್ಟೇ."

"ಅಂದ್ರೆ ಸಾಯಿಸಿಯೂ ಬಿಟ್ಟೆ."

ಅಣ್ಣನಿಗೆ ರೇಗಿತು. "ಮೆಲ್ಲಗೆ ಮಾತಾಡು. ಮುನ್ನೂರು ಜನ ಬರ್ತಾರೆ. ಸೊಸೆ ಕಡೆಯವರೂ ಬರ್ತಾರೆ. ಎಲ್ಲರ ಬಾಯಿಗೂ ನಾವೇ ಆಹಾರ ಆಗಬೇಕಾ? ತಂದೆ ಕಾಲಂ ಒಂದಿದ್ದರೆ ಸಾಕು." ಗುಮಾಸ್ತನ ಕಡೆ ತಿರುಗಿದ. "ಹಾಗೆ ಕೊಡಬಹುದಲ್ವಾ?"

"ಚೀಟಿಗೀಟಿ ಇಡೋದೆಲ್ಲ ಆಗಲ್ಲ ಸರ್. ಇಬ್ಬರೂ ಒಪ್ಪಿ ಬರೆದುಕೊಟ್ಟರೆ ತಂದೆ ವಿವರ ಮಾತ್ರ ಕೊಡಬಹುದು."

"ನಾನು ಒಪ್ಪಲ್ಲ," ಎಂದಳು ತಂಗಿ. "ಪೂರ್ತಿ ಪುಟ ಕೊಡಿ. ಇಲ್ಲಾಂದ್ರೆ ನನ್ನ ಸಹಿ ಇಲ್ಲ."

"ಹುಚ್ಚು ಹಿಡಿದಿದೆಯಾ ನಿಂಗೆ?"

"ಇಪ್ಪತ್ತೆಂಟು ವರ್ಷದಿಂದ ವಾರ್ಡಲ್ಲಿ ಇಂಥದೇ ರಿಜಿಸ್ಟರ್ ನಾನೇ ತುಂಬ್ತಿದೀನಿ ಅಣ್ಣ. ತಂದೆ ಕಾಲಂ ಎಷ್ಟೋ ಸಲ ಖಾಲಿ ಬಿಟ್ಟಿದೀನಿ. ತಾಯಿ ಕಾಲಂ ಒಂದು ದಿನಾನೂ ಬಿಟ್ಟಿಲ್ಲ. ಅಜ್ಜ ಏನು ಆಕಾಶದಿಂದ ಉದುರಿದ್ರಾ?"

ಗುಮಾಸ್ತ ಕೆಮ್ಮಿ ನಗು ಮುಚ್ಚಿಕೊಂಡ.

"ಹಾಗಾದ್ರೆ ಭಾನುವಾರ ನೀನು ಬರೋದೇ ಬೇಡ."

"ಬರ್ತೀನಿ. ಎಣ್ಣೆ ಹಚ್ಚದೆ, ಜಡೆ ಹಾಕದೆ, ಕೂದಲು ಬಿಟ್ಕೊಂಡು ಮುಂದಿನ ಸಾಲಲ್ಲೇ ಕೂತ್ಕೋತೀನಿ. ಇದು ಎಲ್ಲಿಂದ ಬಂತು ಅಂತ ಕೇಳಿದವರಿಗೂ ಹೇಳ್ತೀನಿ, ಕೇಳದವರಿಗೂ ಹೇಳ್ತೀನಿ. ನಿನ್ನ ಪುಸ್ತಕದಲ್ಲಿ ಇದ್ದರೆಷ್ಟು, ಬಿಟ್ಟರೆಷ್ಟು."

ಅಣ್ಣ ಸ್ಟೂಲಿನ ಮೇಲೆ ಕುಸಿದು ಕೂತ. ಸಂಜೆಯೊಳಗೆ ಪುಟ ಕೊಡದಿದ್ದರೆ ಪುಸ್ತಕ ಆಗುವುದಿಲ್ಲವೆಂದು ಪ್ರೆಸ್ಸಿನವನು ಖಡಾಖಂಡಿತ ಹೇಳಿದ್ದ. "ಊರಿಗೆಲ್ಲ ಬುದ್ಧಿ ಹೇಳಿ ಬದುಕಿದವನು ಕಣೇ ನಾನು," ಎಂದ. "ಜನ ಏನಂದುಕೊಳ್ತಾರೆ?"

"ಏನಾದ್ರೂ ಅಂದುಕೊಳ್ಳಲಿ. ಆ ಹೆಂಗಸಿಗೆ ಇಲ್ಲಿ ತನ್ನವರು ಅನ್ನೋರಿರಲಿಲ್ಲ, ಭಾಷೆ ಬರ್ತಿರಲಿಲ್ಲ. ಹಸಿ ಬಾಣಂತಿ, ಈ ಕಚೇರಿ ಮೆಟ್ಟಿಲು ಹತ್ತಿ ತನ್ನ ಹೆಸರು ಹೇಳಿದಾಳೆ. ನಮಗೆ ಅಷ್ಟೂ ಧೈರ್ಯ ಬೇಡವಾ?"

ಗುಮಾಸ್ತ ಸದ್ದಿಲ್ಲದೆ ಅರ್ಜಿಯನ್ನು ಇಬ್ಬರ ನಡುವೆ ಸರಿಸಿದ. "ಪುಟದಲ್ಲಿರೋ ಒಬ್ಬೊಬ್ಬರೂ ನಿಮಗೆ ಏನಾಗಬೇಕು ಅಂತ ಬರೀರಿ. ಇಬ್ಬರೂ ಬೇರೆ ಬೇರೆ ಬರೀಬೇಕು."

ತಂಗಿ ಒಂದೇ ಉಸಿರಿಗೆ ಮೂರೂ ಸಾಲು ಬರೆದು, ಸಹಿ ಹಾಕಿ, ಪೆನ್ನನ್ನು ಅಣ್ಣನತ್ತ ಹಿಡಿದಳು. ಅವನು ಮೊದಲ ಸಾಲಿನಲ್ಲಿ ಅಜ್ಜ ಎಂದು ಬರೆದ. ಎರಡನೆಯದರಲ್ಲಿ ಮುತ್ತಜ್ಜ. ಮೂರನೆಯ ಸಾಲಿಗೆ ಬಂದಾಗ ಪೆನ್ನು ನಿಂತುಬಿಟ್ಟಿತು. ಬಹಳ ಹೊತ್ತಾದ ಮೇಲೆ, ಸಾಲಿನ ಮೂಲೆಯಲ್ಲಿ ಇರುವೆ ಹರಿದಂತೆ ಏನೋ ಗೀಚಿ, ಅರ್ಜಿಯನ್ನು ಗುಮಾಸ್ತನ ಕಡೆ ತಳ್ಳಿದ.

ತಂಗಿ ನಡುವೆ ಕೈಯಿಟ್ಟು ಅದನ್ನು ತಡೆದಳು. ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಮತ್ತೆ ಅವನ ಮುಂದೆಯೇ ಇಟ್ಟಳು.

"ಓದೋಕೆ ಬರ್ತಿಲ್ಲ ಮೇಷ್ಟ್ರೇ. ಇನ್ನೊಂದ್ಸಲ ಬರೀರಿ, ದುಂಡಗೆ."